ಅತ್ತೆಯ ಹೆಸರೂ ಮಾಸ್ಕಿಂಗ್ ಟೇಪೂ

ನಮ್ಮ ಮನೆಗೆ ಲೇಸರ್ ಯಂತ್ರ ಬಂದ ದಿನವೇ ಬಚ್ಚಲಿನ ಬಕೆಟ್ಟು ಕೈಬಿಟ್ಟು ಹೋಯಿತು. ಚೀನಾದಿಂದ ಬಂದಿದ್ದ ಆ ಯಂತ್ರದ ಹೊಟ್ಟೆಯಲ್ಲಿ ಒಂದು ಗಾಜಿನ ಕೊಳವೆ ಇದೆ. ಅದು ಕಾದು ಒಡೆಯದಂತೆ ಸದಾ ತಣ್ಣೀರು ಹರಿಯುತ್ತಿರಬೇಕು. ನೀರು ತುಂಬಿಸಿಡುವ ಪಾತ್ರೆಯನ್ನು ಮಾತ್ರ ಅವರು ಕಳಿಸಿರಲಿಲ್ಲ. ಹಾಗಾಗಿ ಸ್ನಾನದ ನೀಲಿ ಬಕೆಟ್ಟನ್ನು ತಂದು ಯಂತ್ರದ ಮಗ್ಗುಲಲ್ಲಿ ಪ್ರತಿಷ್ಠಾಪಿಸಿದೆ. ಅಂದಿನಿಂದ ನನ್ನ ಹೆಂಡತಿ ಶಾಂಭವಿ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತಾ, "ನಮ್ಮನೇಲಿ ಮಿಷನ್ದು ಸ್ನಾನ ಆದ ಮೇಲೆ ಮನುಷ್ಯರದ್ದು" ಎಂದು ಹೇಳತೊಡಗಿದಳು.

ಇದು ೨೦೦೬ನೇ ಇಸವಿಯ ಮಾತು. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಅಂಗಡಿ. ರಬ್ಬರ್ ಸ್ಟಾಂಪು, ನಾಮಫಲಕ, ಶಾಲೆಗಳ ಬಹುಮಾನದ ಶೀಲ್ಡು ಮಾಡಿಕೊಡುವುದು ನನ್ನ ಕಸುಬು. ಹದಿನೈದು ವರ್ಷ ಕೈಯಲ್ಲಿ ಕೊರೆದು ಬೆನ್ನು ಬಾಗಿಸಿಕೊಂಡವನು, ಬೆಳಕಿನಿಂದ ಬರೆಯುವ ವಿದ್ಯೆ ಕೈಗೆ ಬಂದ ಮೇಲೆ ಸ್ವಲ್ಪ ಎದೆ ಸೆಟೆಸಿಕೊಂಡು ಓಡಾಡಿದ್ದು ನಿಜ. ಆ ಓಡಾಟ ಎಲ್ಲರಿಗೂ ಹಿಡಿಸಲಿಲ್ಲ. ಮುಖ್ಯವಾಗಿ ವೀರೇಂದ್ರಣ್ಣನಿಗೆ. ಅವನು ನನ್ನ ಷಡ್ಡಕ, ಶಾಂಭವಿಯ ಅಕ್ಕನ ಗಂಡ. ಮಾಚೇನಹಳ್ಳಿಯಲ್ಲಿ ಲೇತ್ ಇಟ್ಟುಕೊಂಡಿದ್ದಾನೆ. ಕಬ್ಬಿಣ ಕತ್ತರಿಸದ ಯಾವುದನ್ನೂ ಅವನು ಯಂತ್ರ ಎಂದು ಒಪ್ಪುವವನಲ್ಲ. ನನ್ನದನ್ನು ಒಂದು ಸುತ್ತು ಬಂದು ನೋಡಿ, "ಮರ ಸುಡಕ್ಕೆ ಇಷ್ಟು ದೊಡ್ಡ ಡಬ್ಬ ಯಾಕೆ ಮಾರಾಯ? ಒಂದು ಬೆಂಕಿಪೊಟ್ಟಣ ಸಾಲಲ್ವಾ?" ಎಂದು ಕೇಳಿ, ಎರಡು ಲೋಟ ಕಾಫಿ ಕುಡಿದು ಹೋದ.

ಆ ಯಂತ್ರವನ್ನು ನಂಬಿ ಬಂದ ಮೊದಲ ಮನುಷ್ಯ ನನ್ನ ಮಾವ ಜಂಬಣ್ಣನವರು.

ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅಷ್ಟೂ ವರ್ಷ ಇದ್ದದ್ದು ಕ್ವಾರ್ಟರ್ಸಿನಲ್ಲಿ. ಬಾಗಿಲ ಮೇಲೆ ನಂಬರು ಇರುತ್ತಿತ್ತೇ ಹೊರತು ಹೆಸರು ಇರುತ್ತಿರಲಿಲ್ಲ. ಈಗ ಜನ್ನಾಪುರದಲ್ಲಿ ಸ್ವಂತ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಎರಡು ವಾರ ಇದೆ ಎನ್ನುವಾಗ ಒಂದು ಬೆಳಗ್ಗೆ ಬಂದು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದರು. ನೀಲಿ ಶಾಯಿಯಲ್ಲಿ ಎರಡೇ ಪದ: ದಾಕ್ಷಾಯಣಿ ಮನೆ.

ದಾಕ್ಷಾಯಣಮ್ಮ ನನ್ನ ಅತ್ತೆ.

"ಅವಳಿಗೆ ಗೊತ್ತಾಗಬಾರದು" ಎಂದರು ಮಾವ ತಗ್ಗಿದ ದನಿಯಲ್ಲಿ. "ಬಾಗಿಲ ಮೇಲೆ ಹಾಕೋದು. ನನ್ನ ಅಕ್ಷರಾನೇ ಬರಬೇಕು. ಬರುತ್ತಾ?"

"ಲೇಸರ್ ಅಂದ್ರೆ ಏನಂದ್ಕೊಂಡ್ರಿ ಮಾವ? ನೀವು ಬರೆಯೋವಾಗ ಕೈ ನಡುಗಿದ್ರೆ ಅದೂ ಬರುತ್ತೆ."

"ನಡುಗಿಲ್ಲ" ಎಂದರು ಗಂಭೀರವಾಗಿ. (ನಡುಗಿತ್ತು. 'ಕ್ಷಾ' ಎನ್ನುವಲ್ಲಿ ಸ್ಪಷ್ಟವಾಗಿ ನಡುಗಿತ್ತು.)

"ಮನೆ ಅನ್ನೋ ಬದಲು ನಿಲಯ ಅಂತ ಹಾಕೋಣವೇ? ಗಾಂಭೀರ್ಯ ಇರುತ್ತೆ."

"ನಿಲಯ ಗಿಲಯ ಬೇಡ ಮಲ್ಲೇಶಪ್ಪ. ಅವಳ ಮನೆ. ಅಷ್ಟೆ."

ಮುಂಬಾಗಿಲ ಚೌಕಟ್ಟು ಮಾಡಿದ ಹೊನ್ನೆ ಮರದಲ್ಲಿ ಒಂದೂವರೆ ಅಡಿಯ ಒಂದು ತುಂಡು ಉಳಿದಿದೆ, ಅದರ ಮೇಲೇ ಕೊರೆಯಬೇಕು, ತಾನೇ ಅದಕ್ಕೆ ಮರಳುಕಾಗದ ಉಜ್ಜಿ ನುಣ್ಣಗೆ ಮಾಡಿ ತಂದುಕೊಡುತ್ತೇನೆ ಎಂದು ಹೇಳಿ ಎದ್ದರು. ಅವರು ಮೆಟ್ಟಿಲಿಳಿಯುವ ಮೊದಲೇ ಶಾಂಭವಿ ಪರದೆಯ ಹಿಂದಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಾಗದವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ರೀ, ಇದನ್ನು ಮಾತ್ರ ಕೆಡಿಸಬೇಡಿ" ಎಂದಳು.

ಇಷ್ಟು ಹೊತ್ತಿಗೆ ಒಂದು ಸತ್ಯವನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ನಾನು ಆ ಯಂತ್ರದಲ್ಲಿ ಮಾಡಿದ್ದೆಲ್ಲ ಪ್ಲಾಸ್ಟಿಕ್ ಮತ್ತು ರಬ್ಬರಿನ ಕೆಲಸ. ಮರದ ಮೇಲೆ ಒಂದು ಅಕ್ಷರವನ್ನೂ ಕೊರೆದಿರಲಿಲ್ಲ. ಅಂದೇ ಮಧ್ಯಾಹ್ನ ಒಂದು ಹಳೇ ಹಲಗೆ ಇಟ್ಟು, ಹೆಂಡತಿಯ ಮನಸ್ಸು ಗೆಲ್ಲುವ ಉದ್ದೇಶದಿಂದ 'ಶಾಂಭವಿ' ಎಂದು ಕೊರೆದು ನೋಡಿದೆ. ಅಕ್ಷರವೇನೋ ಬಂತು. ಆದರೆ ಸುಟ್ಟ ಮರದ ಹೊಗೆ ಪಕ್ಕಕ್ಕೆ ಹಾಯ್ದು, ಪ್ರತಿ ಅಕ್ಷರದ ಸುತ್ತಲೂ ಕಂದು ಬಣ್ಣದ ಕಲೆ ಕೂತಿತ್ತು.

ಶಾಂಭವಿ ಅದನ್ನು ಬೆಳಕಿಗೆ ಹಿಡಿದಳು. "ನನ್ನ ಹೆಸರಿಗೆ ಮೀಸೆ ಬಂದಿದೆ."

ಒದ್ದೆ ಬಟ್ಟೆಯಲ್ಲಿ ಒರೆಸಿದೆ; ಕಲೆ ಇನ್ನಷ್ಟು ಹರಡಿತು. ಮರಳುಕಾಗದ ಹಾಕಿದೆ, ಕಲೆಯ ಜೊತೆಗೆ ಅಕ್ಷರದ ಅಂಚೂ ಸವೆದು ಹೋಯಿತು. ಯಂತ್ರದ ಶಕ್ತಿ ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ, ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ತಿರುಗಿಸಿದೆ. ನಾಲ್ಕು ದಿನಗಳಲ್ಲಿ ಒಂಬತ್ತು ಹಲಗೆ ಕೆಟ್ಟವು. ಒಂದೊಂದೂ ಸೌದೆ ಒಲೆಯ ಬಾಯಿಂದ ಎಳೆದು ತಂದಂತೆ ಕಾಣುತ್ತಿತ್ತು. ರಸ್ತೆಯಾಚೆಯ ಬಟ್ಟೆ ಅಂಗಡಿಯವರು ಬಂದು, ಮನೆಯಲ್ಲಿ ಏನಾದರೂ ಹೋಮ ನಡೆಯುತ್ತಿದೆಯೇ ಎಂದು ವಿಚಾರಿಸಿದರು.

ಐದನೆಯ ದಿನ ಶಾಂಭವಿ ತನ್ನ ಗ್ಲಾಸ್ ಪೇಂಟಿಂಗಿನ ಡಬ್ಬಿಯಿಂದ ಒಂದು ಮಾಸ್ಕಿಂಗ್ ಟೇಪಿನ ಸುರುಳಿ ತಂದು ಮೇಜಿನ ಮೇಲಿಟ್ಟಳು. ಬಣ್ಣ ಬಳಿಯುವಾಗ ಅಂಚು ಕೆಡದಿರಲೆಂದು ಅಂಟಿಸುವ ಕಾಗದದ ಟೇಪು ಅದು.

"ಇದನ್ನು ಮೊದಲು ಹಲಗೆ ತುಂಬ ಅಂಟಿಸಿ. ಅದರ ಮೇಲೇ ಕೊರೀರಿ. ಹೊಗೆ ಟೇಪಿನ ಮೇಲೆ ಕೂರುತ್ತೆ. ಆಮೇಲೆ ಕಿತ್ತುಹಾಕಿ."

"ಇದು ಲೇಸರ್ ತಂತ್ರಜ್ಞಾನ ಶಾಂಭವಿ. ಟೇಪು ಅಂಟಿಸಿ ಆಡೋ ಆಟ ಅಲ್ಲ."

"ಸರಿ, ಹತ್ತನೇ ಹಲಗೆ ಸುಡಿ" ಎಂದು ಅವಳು ಒಳಗೆ ಹೋದಳು.

ಅವಳು ಸಾರಿಗೆ ಒಗ್ಗರಣೆ ಹಾಕುವುದನ್ನೇ ಕಾದಿದ್ದು ಟೇಪು ಅಂಟಿಸಿದೆ. ಕೊರೆದೆ. ಕಿತ್ತೆ. ಮರ ಅಂಗಡಿಯಿಂದ ಈಗ ತಂದ ಹಾಗಿತ್ತು. ಅಕ್ಷರಗಳು ಮಾತ್ರ ಕಡುಕಂದು, ಅಂಚು ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು. ಒಂದೇ ತೊಂದರೆ. ನಮ್ಮ ಕನ್ನಡದಲ್ಲಿ ಹೊಟ್ಟೆಯಿಲ್ಲದ ಅಕ್ಷರ ಕಡಿಮೆ. 'ಶ'ದ ಸುರುಳಿಯೊಳಗೆ, 'ಭ'ದ ಹೊಟ್ಟೆಯೊಳಗೆ, ಸೊನ್ನೆಯ ನಡುವೆ ಟೇಪಿನ ಚೂರುಗಳು ಉಳಿದುಕೊಂಡಿದ್ದವು. ಶಾಂಭವಿ ಬಂದು, ತಲೆಯಿಂದ ಹೇರ್‌ಪಿನ್ ತೆಗೆದು ಒಂದೊಂದನ್ನೂ ಎಬ್ಬಿಸಿದಳು. ಅದೇ ಸಂಜೆ ವೀರೇಂದ್ರಣ್ಣನಿಗೆ ಫೋನು ಮಾಡಿ, ಲೇಸರ್ ಕೆತ್ತನೆಯಲ್ಲಿ ಹೊಗೆಕಲೆ ತಡೆಯುವ ಒಂದು ಉಪಾಯವನ್ನು ನಾನು ಕಂಡುಹಿಡಿದಿದ್ದೇನೆ, ಗೃಹಪ್ರವೇಶದ ದಿನ ಪ್ರಾತ್ಯಕ್ಷಿಕೆ ಇದೆ, ತಪ್ಪಿಸಬೇಡ ಎಂದೆ. 'ನಾನು' ಎಂದದ್ದು ಅಡುಗೆಮನೆಗೆ ಕೇಳಿಸಿತೆಂದು ಪಾತ್ರೆಗಳ ಸದ್ದಿನಿಂದ ತಿಳಿಯಿತು.

ಗೃಹಪ್ರವೇಶ ಶುಕ್ರವಾರ. ಮಾವ ಹಲಗೆ ತಂದದ್ದು ಬುಧವಾರ ಸಂಜೆ. ಭದ್ರಾವತಿಯಿಂದ ಬಸ್ಸಿನಲ್ಲಿ, ಟವಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಎರಡು ವಾರ ಉಜ್ಜಿದ್ದರಿಂದ ಹಲಗೆ ಕೆನ್ನೆಗೆ ತಾಗಿಸುವಷ್ಟು ನುಣುಪಾಗಿತ್ತು.

"ಇದೊಂದೇ ತುಂಡು" ಎಂದರು. "ಕೆಟ್ರೆ ಇನ್ನೊಂದಿಲ್ಲ."

ಗುರುವಾರ ಬೆಳಗ್ಗೆ ಎದ್ದವನೇ ಟೇಪು ಹಿಡಿದು ಕೂತೆ. ಹಲಗೆಯ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಅಂಟಿಸಿ, ಉಗುರಿನಿಂದ ಗುಳ್ಳೆಗಳನ್ನೆಲ್ಲ ಒತ್ತಿದೆ. ಆದರೂ ಅನುಮಾನ ಹೋಗಲಿಲ್ಲ. ಎರಡು ಪಟ್ಟಿಗಳು ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಇದ್ದು, ಅಲ್ಲಿಂದ ಹೊಗೆ ನುಗ್ಗಿದರೆ? ಮಾವನ ಮುಖ ಕಣ್ಣ ಮುಂದೆ ಬಂತು. ಮೊದಲನೆಯ ಪದರದ ಮೇಲೆ ಅಡ್ಡಡ್ಡಲಾಗಿ ಇನ್ನೊಂದು ಪದರ ಅಂಟಿಸಿದೆ.

ಕಾಫಿ ತಂದ ಶಾಂಭವಿ ನಿಂತಳು. "ಟ್ರಯಲ್ ಮಾಡಿದ್ದು ಒಂದೇ ಪದರದಲ್ಲಿ ಅಲ್ವಾ?"

"ಅದು ಹಳೇ ಹಲಗೆ. ಇದು ನಿಮ್ಮಪ್ಪಂದು. ರಕ್ಷಣೆ ಜಾಸ್ತಿ ಇರಲಿ."

"ರಕ್ಷಣೆ ಜಾಸ್ತಿ ಆದ್ರೆ ಲೇಸರ್ ಒಳಗೆ ಹೋಗುತ್ತಾ?"

"ಬೆಳಕನ್ನು ಕಾಗದ ತಡೆಯುತ್ತಾ ಶಾಂಭವಿ?" ಎಂದು ನಾನು ನಕ್ಕೆ. ಕಿಟಕಿಗೆ ಬಿಸಿಲು ತಡೆಯಲೆಂದು ನಾನೇ ಹಳೇ ಪೇಪರ್ ಅಂಟಿಸಿದ್ದೆ. ಅವಳು ಅದರ ಕಡೆ ಒಮ್ಮೆ ನೋಡಿ, ಲೋಟ ಇಟ್ಟು ಹೋದಳು.

ಮಾವನ ಅಕ್ಷರವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಕಳಿಸುವಾಗ ಹತ್ತು ಗಂಟೆ ಐದು ನಿಮಿಷ. ಆ ತಿಂಗಳು ನಮ್ಮ ಬೀದಿಗೆ ದಿನಾ ಹನ್ನೊಂದಕ್ಕೆ ಕರೆಂಟು ಹೋಗಿ ಒಂದಕ್ಕೆ ಬರುತ್ತಿತ್ತು. ಒಮ್ಮೊಮ್ಮೆ ಒಂದಕ್ಕೆ ಬರುತ್ತಲೂ ಇರಲಿಲ್ಲ. ಎರಡು ಗಂಟೆಗೆ ನಾವು ಭದ್ರಾವತಿಗೆ ಹೊರಡಲೇಬೇಕು. ಸಂಜೆಯ ಪೂಜೆಗೆ ಮಗಳು ಇರಬೇಕೆಂದು ಅತ್ತೆ ಮೂರು ಸಲ ಫೋನು ಮಾಡಿದ್ದರು. ಕಂಪ್ಯೂಟರು ತೋರಿಸಿದ ಸಮಯ ಒಂದು ಗಂಟೆ ಹತ್ತು ನಿಮಿಷ. ನಡುವೆ ಕರೆಂಟು ಹೋದರೆ ಯಂತ್ರ ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಯುವುದಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದರೆ ಕೂದಲೆಳೆ ಆಚೀಚೆಯಾಗಿ ಅತ್ತೆಯ ಹೆಸರು ಎರಡೆರಡಾಗಿ ಕಾಣುತ್ತದೆ.

ನಾನು ವೇಗ ಹೆಚ್ಚಿಸಿದೆ. ಒಂದು ಗಂಟೆ ಹತ್ತು ನಿಮಿಷ ಇದ್ದದ್ದು ನಲವತ್ತೆಂಟು ನಿಮಿಷವಾಯಿತು. ಗುಂಡಿ ಒತ್ತಿದೆ.

ಆ ನಲವತ್ತೆಂಟು ನಿಮಿಷಗಳನ್ನು ನಾನು ಸಾಯುವವರೆಗೆ ಮರೆಯಲಾರೆ. ಲೇಸರಿನ ತಲೆ ಒಂದೊಂದೇ ಅಕ್ಷರದಗಲಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. ಟೇಪಿನ ಮೇಲೆ ಗೆರೆ ಗೆರೆಯಾಗಿ 'ದಾ' ಮೂಡಿತು. ಹತ್ತೂ ಇಪ್ಪತ್ತೈದಕ್ಕೆ ಟ್ಯೂಬ್‌ಲೈಟು ಮಿಣುಕಿತು. ಯಂತ್ರ ನಿಲ್ಲಲಿಲ್ಲ. ಹತ್ತೂವರೆಗೆ ಬಕೆಟ್ಟಿನ ನೀರಿಗೆ ಕೈ ಅದ್ದಿ ನೋಡಿದರೆ ಉಗುರುಬೆಚ್ಚಗಾಗಿತ್ತು.

"ಶಾಂಭವಿ, ಐಸು" ಎಂದು ಕೂಗಿದೆ.

ಅವಳು ಫ್ರಿಜ್ಜಿನ ಐಸ್ ತಟ್ಟೆಯನ್ನೇ ತಂದು ಬಕೆಟ್ಟಿಗೆ ಬೋರಲು ಹಾಕಿದಳು. ಬಂದವಳು ಒಳಗೆ ಹೋಗಲಿಲ್ಲ; ನನ್ನ ಪಕ್ಕದಲ್ಲೇ ನಿಂತಳು. ಒಲೆಯ ಮೇಲೆ ಹಾಲಿತ್ತು. ಅದು ಉಕ್ಕಿದ ವಾಸನೆ ಇಬ್ಬರಿಗೂ ಬಂತು. ಇಬ್ಬರೂ ಕದಲಲಿಲ್ಲ. ಹತ್ತೂ ಐವತ್ತಕ್ಕೆ 'ಮ' ಮುಗಿದು 'ನೆ' ಅರ್ಧವಾಗಿತ್ತು. ರಸ್ತೆಯ ಕೊನೆಯ ಹಿಟ್ಟಿನ ಗಿರಣಿಯ ಸದ್ದು ಥಟ್ಟನೆ ನಿಂತಿತು. ಗಿರಣಿಯ ಲೈನು ಬೇರೆ, ನಮ್ಮದಕ್ಕಿಂತ ಸ್ವಲ್ಪ ಮೊದಲು ಹೋಗುತ್ತದೆ. ಶಾಂಭವಿ ನನ್ನ ತೋಳನ್ನು ಹಿಡಿದಳು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವಳು ಅಷ್ಟು ಗಟ್ಟಿಯಾಗಿ ಹಿಡಿದದ್ದಿಲ್ಲ.

ಹತ್ತೂ ಐವತ್ತಮೂರಕ್ಕೆ ಲೇಸರಿನ ತಲೆ ಕೊನೆಯ ಗೆರೆ ಎಳೆದು ತನ್ನ ಮೂಲೆಗೆ ಹೋಗಿ ನಿಂತಿತು. ಯಂತ್ರದ ಮುಚ್ಚಳ ತೆಗೆದು ನಾನು ಹಲಗೆಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಫ್ಯಾನು ನಿಂತಿತು.

ಕೆನೆಬಣ್ಣದ ಟೇಪಿನ ಮೇಲೆ ಕಂದು ಅಕ್ಷರಗಳಲ್ಲಿ ದಾಕ್ಷಾಯಣಿ ಮನೆ. ಮಾವನ ಕೈಬರಹ ಹಾಗೇ ಇತ್ತು, 'ಕ್ಷಾ'ದ ನಡುಕ ಸಮೇತ.

"ಒಂದು ಮೂಲೆ ಎಬ್ಬಿಸಿ ನೋಡಿ" ಎಂದಳು ಶಾಂಭವಿ. "ಮರಕ್ಕೆ ಇಳಿದಿದೆಯಾ ಅಂತ."

"ಬೇಡ. ಕೀಳೋದು ನಾಳೆ, ಎಲ್ಲರೆದುರು. ಅದೇ ಅನಾವರಣ."

"ಒಂದೇ ಒಂದು ಅಕ್ಷರ ನೋಡ್ರೀ."

"ಒಂದು ಸಲ ಎಬ್ಬಿಸಿದ್ರೆ ಧೂಳು ಸೇರುತ್ತೆ." ಧೂಳಿಗಿಂತ ಮುಖ್ಯವಾಗಿ ವೀರೇಂದ್ರಣ್ಣನ ಮುಖ ನನ್ನ ಕಣ್ಣ ಮುಂದಿತ್ತು. ಮೊದಲು ಮಸಿ ಹಿಡಿದ ಟೇಪು ನೋಡಿ ಅವನು ನಗಬೇಕು. ಆಮೇಲೆ ನಾನು ಟೇಪು ಕೀಳಬೇಕು. ಆಮೇಲೆ ಅವನ ನಗು ನಿಲ್ಲಬೇಕು.

ಸ್ಕೂಟರಿನಲ್ಲಿ ಭದ್ರಾವತಿಗೆ ಹೋಗುವಾಗ ಹಲಗೆ ನಮ್ಮಿಬ್ಬರ ನಡುವೆ ಇತ್ತು. ಮಾಚೇನಹಳ್ಳಿ ದಾಟುವವರೆಗೂ ಶಾಂಭವಿ ಒಂದು ಅಕ್ಷರ ಎಬ್ಬಿಸಿ ನೋಡಿ ಎಂದೇ ಹೇಳುತ್ತಿದ್ದಳು.

ಶುಕ್ರವಾರ ಅಯ್ಯನವರು ಪೂಜೆ ಮುಗಿಸಿ ಎದ್ದ ಮೇಲೆ ಮಾವ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಮುಂಬಾಗಿಲಿನ ಹತ್ತಿರ ನೆಂಟರು, ಅಕ್ಕಪಕ್ಕದವರು, ಮಾವನ ಹಳೇ ಕಾರ್ಖಾನೆ ಸ್ನೇಹಿತರು ಸೇರಿದರು. ವೀರೇಂದ್ರಣ್ಣ ಎದೆಯ ಮೇಲೆ ಕೈಕಟ್ಟಿ ಎಲ್ಲರಿಗಿಂತ ಮುಂದೆ ನಿಂತ. ನಾನು ಬಣ್ಣದ ಕಾಗದ ಸುತ್ತಿದ್ದ ಹಲಗೆಯನ್ನು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಕಾಗದವನ್ನು ಹರಿಯದ ಹಾಗೆ ನಿಧಾನವಾಗಿ ಬಿಚ್ಚಿದರು. ಓದಿದರು. ಮತ್ತೊಮ್ಮೆ ಓದಿದರು. ಬೆರಳನ್ನು 'ಕ್ಷಾ'ದ ಮೇಲೆ ಆಡಿಸಿದರು.

"ಇದು ನಿಮ್ಮ ಅಕ್ಷರ" ಎಂದರು, ಮಾವನ ಕಡೆ ನೋಡದೆ.

ಮಾವ ಬಾಗಿಲ ಮೇಲಿನ ಸಜ್ಜಾದಲ್ಲಿ ಏನೋ ದೋಷ ಕಂಡವರಂತೆ ಮೇಲೆ ನೋಡುತ್ತಿದ್ದರು. "ಹೂಂ" ಎಂದರು.

ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಶಾಂಭವಿಯ ಅಕ್ಕನೂ ಒರೆಸಿಕೊಂಡಳು. ನೆಂಟರೆಲ್ಲ ಚೆನ್ನಾಗಿದೆ ಎಂದರು. ವೀರೇಂದ್ರಣ್ಣ ಕೂಡ ತಲೆಯಾಡಿಸಿ, "ಪರವಾಗಿಲ್ಲ ಮಾರಾಯ, ಅಕ್ಷರ ಹಾಗೇ ಬಂದಿದೆ" ಎಂದ. ಅಲ್ಲಿಗೆ ಮುಗಿಸಿದ್ದರೆ ಈ ಕಥೆಯನ್ನು ನಾನು ಬರೆಯಬೇಕಾಗಿರಲಿಲ್ಲ.

"ಇನ್ನೂ ಮುಗಿದಿಲ್ಲ ಅತ್ತೆ" ಎಂದೆ. "ಇದು ಬರೀ ಮೇಲಿನ ಹೊದಿಕೆ. ಟೇಪು ಕೀಳಿ, ನಿಜವಾದ ಸೌಂದರ್ಯ ಒಳಗಿದೆ."

"ಹೀಗೇ ಚೆನ್ನಾಗಿದೆ ಮಲ್ಲೇಶಪ್ಪ. ಮೊಳೆ ಹೊಡೆದುಬಿಡಿ."

"ಇಲ್ಲ ಅತ್ತೆ, ಟೇಪು ಇಟ್ಟುಕೊಳ್ಳೋದಕ್ಕಲ್ಲ. ಹೊಗೆಯ ಕಲೆ ಮರಕ್ಕೆ ತಾಗದ ಹಾಗೆ—"

"ರೀ" ಎಂದಳು ಶಾಂಭವಿ ಹಿಂದಿನಿಂದ.

"ಇರು ಶಾಂಭವಿ. ವೀರೇಂದ್ರಣ್ಣ, ನೀನೂ ಹತ್ತಿರ ಬಾ."

ಅತ್ತೆ ಹಲಗೆಯನ್ನು ಬಿಡಲು ಒಪ್ಪಲಿಲ್ಲ. ನಾನು ವಿನಯದಿಂದಲೇ, ಆದರೆ ಸ್ವಲ್ಪ ಬಲವಾಗಿ ತೆಗೆದುಕೊಂಡೆ. ಲೇಸರ್ ಎಂದರೇನು, ಅದರ ಪ್ರಖರತೆ ಎಂಥದ್ದು, ಹೊಗೆಯಿಂದ ಮರದ ಮಾನ ಹೇಗೆ ಹೋಗುತ್ತದೆ ಎಂದು ಎರಡು ನಿಮಿಷ ವಿವರಿಸಿದೆ. ಮೂಲೆಯಲ್ಲಿ ಉಗುರು ಹಾಕಿ ಟೇಪನ್ನು ಎಬ್ಬಿಸಿದೆ. ಎರಡು ಪದರ ಅಡ್ಡಡ್ಡಲಾಗಿ ಇದ್ದದ್ದರಿಂದ ಅದು ಚೂರಾಗದೆ ಇಡಿಯಾಗಿ, ದೋಸೆ ಕಾವಲಿಯಿಂದ ಏಳುವಂತೆ ಎದ್ದು ಬಂತು. ಕನ್ನಡದ ಹೊಟ್ಟೆಗಳೊಳಗೆ ಒಂದು ಚೂರೂ ಉಳಿಯಲಿಲ್ಲ. ಎಷ್ಟು ಸಲೀಸು ಎಂದು ನನಗೇ ಆಶ್ಚರ್ಯವಾಯಿತು.

ಹಲಗೆಯನ್ನು ಎಲ್ಲರ ಕಡೆ ತಿರುಗಿಸಿ ಹಿಡಿದೆ.

ಮಾವನ ಸ್ನೇಹಿತರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಹಲಗೆಯನ್ನು ನನ್ನ ಕಡೆ ತಿರುಗಿಸಿಕೊಂಡು ನೋಡಿದೆ. ಹೊನ್ನೆ ಮರದ ಎಳೆಗಳು ಸುಂದರವಾಗಿ ಹೊಳೆಯುತ್ತಿದ್ದವು. ಅಕ್ಷರ ಒಂದೂ ಇರಲಿಲ್ಲ. ಎರಡು ಪದರದ ಟೇಪಿನಲ್ಲಿ ಅವಸರದ ಲೇಸರ್ ಮೇಲಿನ ಪದರವನ್ನು ಸುಟ್ಟು, ಕೆಳಗಿನದನ್ನು ಕಂದಿಸಿ, ಅಲ್ಲಿಗೇ ಸುಸ್ತಾಗಿತ್ತು. ಅತ್ತೆಯ ಹೆಸರು ಪೂರ್ತಿಯಾಗಿ ನನ್ನ ಎಡಗೈಯಲ್ಲಿ ಜೋತಾಡುತ್ತಿತ್ತು.

ವೀರೇಂದ್ರಣ್ಣ ಬಗ್ಗಿ ಹಲಗೆಯನ್ನು ಪರೀಕ್ಷಿಸಿದ. ನಗಲೂ ಇಲ್ಲ. "ಕ್ಲೀನಾಗಿದೆ" ಎಂದ. "ಒಂದು ಕಲೆ ಇಲ್ಲ."

ಮಾವ ಬಂದು ನನ್ನ ಕೈಯಿಂದ ಹಲಗೆ ತೆಗೆದುಕೊಂಡು ಹಿಂದುಮುಂದು ನೋಡಿದರು. ಹಿಂಬದಿಯಲ್ಲೇನಾದರೂ ಇರಬಹುದು ಎಂದುಕೊಂಡರೋ ಏನೋ. ಭೂಮಿ ಬಾಯಿ ಬಿಡುವುದಿದ್ದರೆ ಜನ್ನಾಪುರದಲ್ಲಿ, ಆ ಹೊಸ್ತಿಲ ಹತ್ತಿರವೇ ಬಿಡಲಿ ಎಂದು ಬೇಡಿಕೊಂಡೆ.

ಆಗ ಅತ್ತೆ ಮುಂದೆ ಬಂದರು. ಎರಡೂ ಕೈಯಿಂದ ಆ ಟೇಪಿನ ಹಾಳೆಯನ್ನು, ಅದು ಸುರುಳಿ ಸುತ್ತಿಕೊಳ್ಳುವ ಮೊದಲೇ, ನನ್ನ ಕೈಯಿಂದ ಬಿಡಿಸಿಕೊಂಡರು. ನೇರವಾಗಿ ಹೋಗಿ ಮುಂಬಾಗಿಲ ಕದದ ಮೇಲೆ ತಮ್ಮ ಹಣೆಯ ಎತ್ತರಕ್ಕೆ ಇಟ್ಟು, ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದರು.

"ದಾಕ್ಷಾಯಣಿ," ಎಂದರು ಮಾವ, "ಎಡಗಡೆ ಸ್ವಲ್ಪ ಇಳಿದಿದೆ ನೋಡು."

ಮಾವ ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕೇಳಿರಲಿಲ್ಲ. ಅವರ ಇಬ್ಬರು ಹೆಣ್ಣುಮಕ್ಕಳೂ ಕೇಳಿರಲಿಲ್ಲ. ಅತ್ತೆಯ ಮುಖ ಕೆಂಪೇರಿತು. ಎಡಗಡೆಯನ್ನು ಅರ್ಧ ಬೆರಳು ಎತ್ತಿ ಮತ್ತೆ ಒತ್ತಿದರು.

"ಅತ್ತೆ, ಆ ಹಲಗೆ ಕೊಡಿಸಿ" ಎಂದೆ. "ನಾಳೆಯೇ ಸರಿಯಾಗಿ ಕೊರೆದು ತರ್ತೀನಿ."

"ಬೇಡ ಮಲ್ಲೇಶಪ್ಪ. ನೀವು ಇನ್ನೊಂದು ಸಲ ಬಂದು ಕಿತ್ತುಬಿಟ್ರೆ?"

ಮಾವ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಊಟಕ್ಕೆ ಕೂತರು. ನಾನು ಪಾಯಸ ಬಡಿಸಲು ಅವರ ಹತ್ತಿರ ಹೋದಾಗ ಅದನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು.

ಎರಡು ವಾರ ಕಳೆದಿರಬೇಕು. ಜನ್ನಾಪುರದಲ್ಲಿ ಅತ್ತೆಯ ಎದುರುಮನೆಯ, ಗೃಹಪ್ರವೇಶದ ದಿನ ಊರಲ್ಲಿರದಿದ್ದ ವಸಂತಮ್ಮ ಎನ್ನುವವರು ಗಂಡನನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದರು. ಗಂಡನ ಕೈಯಲ್ಲಿ ಒಂದು ಕಾಗದ. ಅದರಲ್ಲಿ ಅವರದೇ ಅಕ್ಷರದಲ್ಲಿ ವಸಂತಮ್ಮನ ಹೆಸರು. ಬರೆಯಲು ಅವರನ್ನು ಎಷ್ಟು ದಿನ ಪೀಡಿಸಲಾಗಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು. ನಾನು ಹುರುಪಿನಿಂದ ಸಾಗುವಾನಿ, ಹೊನ್ನೆ, ಬೀಟೆಯ ಮಾದರಿಗಳನ್ನು ತೆಗೆದು ಸಾಲಾಗಿ ಜೋಡಿಸಿದೆ. ಒಂದೇ ಪದರ, ಸರಿಯಾದ ವೇಗ, ಕಲೆಯಿಲ್ಲದ ಕೆತ್ತನೆ.

"ಮರ ಬೇಡ" ಎಂದರು ವಸಂತಮ್ಮ. "ದಾಕ್ಷಾಯಣಮ್ಮೋರ ಬಾಗಿಲಲ್ಲಿ ಇದೆಯಲ್ಲ, ಅಂಥದ್ದು. ಟೇಪಿಂದು."

"ಅಮ್ಮಾ, ಅದು ತಪ್ಪಾಗಿ ಬಂದಿದ್ದು."

"ಹಾಗೇ ತಪ್ಪಾಗಿ ಮಾಡಿಕೊಡಿ."

ಪ್ರಯತ್ನಿಸಿದೆ. ಎರಡು ಪದರ ಅಂಟಿಸಿ, ಅಂದಿನ ವೇಗವನ್ನು ನೆನಪಿಸಿಕೊಂಡು ಕೊರೆದೆ. ಮೊದಲ ಸಲ ಟೇಪು ತೂತಾಗಿ ಅಕ್ಷರಗಳು ಮರಕ್ಕಿಳಿದವು, ಬಹಳ ಅಚ್ಚುಕಟ್ಟಾಗಿ. ಎರಡನೆಯ ಸಲವೂ ಇಳಿದವು. ವಸಂತಮ್ಮ ಗಂಡನ ಕಿವಿಯಲ್ಲಿ, "ಇವರಿಗೆ ಬರಲ್ಲ ಅನ್ಸುತ್ತೆ" ಎಂದದ್ದು ನನಗೆ ಕೇಳಿಸಿತು. ಶಾಂಭವಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ಕುರ್ಚಿಯಿಂದ ಏಳಿಸಿ, ಏನನ್ನೋ ಒತ್ತಿ, ಏನನ್ನೋ ತಿರುಗಿಸಿ, ಇಪ್ಪತ್ತು ನಿಮಿಷದಲ್ಲಿ ಟೇಪಿನ ಹಾಳೆಯನ್ನು ಇಡಿಯಾಗಿ ಕಿತ್ತು ಅವರ ಕೈಗಿಟ್ಟಳು. ಕೆಳಗಿನ ಹಲಗೆಗೆ ಒಂದು ಗೀರೂ ತಾಗಿರಲಿಲ್ಲ.

"ಓನರ್ ಇರೋವಾಗಲೇ ಬಂದಿದ್ದು ಒಳ್ಳೇದಾಯ್ತು" ಎಂದರು ವಸಂತಮ್ಮ ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, ಮೃದುವಾಗಿ ಕೇಳಿದರು: "ನೀವು ಇವರ ಹತ್ರ ಕೆಲಸಕ್ಕಿದ್ದೀರಾ?"